ಮರೆವಿನ ರೋಗಕ್ಕೆ ಸೂಜಿಯ ಚಿಕಿತ್ಸೆ

(ವರ್ತಕ ನಗರದಲ್ಲಿ ಸೇರಿದ್ದ ನಮ್ಮ ಸಂಘದ ಸಭೆಯಲ್ಲಿ ಸಹಾಯ ನಿಧಿಯ ಸಮಿತಿಯ ಪರವಾಗಿ ಮಾಡಿದ ಭಾಷಣ)



ನಾವು ವೈದ್ಯರಲ್ಲ. ನಮ್ಮಲ್ಲೊಬ್ಬರು ನಲವತ್ತು ವರ್ಷ ಹೋಟೆಲಿನ ಗಲ್ಲಾದ ಮೇಲೆ ಕೂತವರು, ಇನ್ನೊಬ್ಬರು ಗಿರಣಿಯ ಸಾಂಚೆಗಳ ನಡುವೆ ನಿಂತವರು. ಹಾಗಿದ್ದೂ ವೈದ್ಯದ ವಿಷಯವನ್ನೇ ಮಾತಾಡಲು ಇಂದು ನಿಮ್ಮೆದುರು ನಿಂತಿರುವುದಕ್ಕೆ ಕಾರಣ ಒಂದು ಅರ್ಜಿ. ಸಹಾಯ ನಿಧಿಗೆ ಬಂದ ಆ ಅರ್ಜಿಯಲ್ಲಿ, ನಮ್ಮ ಸಂಘದ ಹಳೆಯ ಸದಸ್ಯರೊಬ್ಬರ ಹೆಂಡತಿ, ತನ್ನ ಗಂಡನ ಮರೆವಿಗೆ ಸೂಜಿಯ ಚಿಕಿತ್ಸೆ ಮಾಡಿಸಬೇಕು, ಮೂವತ್ತು ಸಲ ಸೂಜಿ ಹಾಕಬೇಕೆಂದಿದ್ದಾರೆ, ಹಣ ಕೊಡಿ ಎಂದು ಕೇಳಿದ್ದರು. ಸಮಿತಿಯಲ್ಲಿ ಅರ್ಧ ಜನ ಕೊಡೋಣ ಎಂದರು, ಅರ್ಧ ಜನ ಅದೆಲ್ಲ ಬೂಟಾಟಿಕೆ ಎಂದರು. ಎರಡು ಕಡೆಯವರಿಗೂ ಆ ವಿಷಯ ಗೊತ್ತಿರಲಿಲ್ಲ. ಕಡೆಗೆ ಅಧ್ಯಕ್ಷರು, "ನೀವಿಬ್ಬರೂ ಹೋಗಿ ವಿಚಾರಿಸಿಕೊಂಡು ಬನ್ನಿ" ಎಂದು ನಮ್ಮ ತಲೆಗೆ ಕಟ್ಟಿದರು. ಆ ವಿಚಾರಣೆಯ ವರದಿಯೇ ಈ ಭಾಷಣ.

ಆ ಹಿರಿಯರ ಹೆಸರು ಹೇಳುವುದು ಬೇಡ. ನಿಮ್ಮಲ್ಲಿ ಬಹುಮಂದಿಗೆ ಗೊತ್ತು; ಗೊತ್ತಿಲ್ಲದವರು ತಮ್ಮ ಮನೆಯ ಹಿರಿಯರನ್ನೇ ನೆನೆದುಕೊಂಡರೆ ಸಾಕು. ನಾವು ಅವರನ್ನು ಅಣ್ಣ ಎಂದೇ ಕರೆಯುವುದು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಮೋರಿಯಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಆಮೇಲೆ ಪರಳಿನ ಗಿರಣಿಯೊಂದರಲ್ಲಿ ಬದಲಿಯಾಗಿ ಸೇರಿ, ಕೊನೆಗೆ ಖಾಯಂ ಆದವರು. 1982ರ ಜನವರಿಯಲ್ಲಿ ಮುಷ್ಕರ ಶುರುವಾಯಿತಲ್ಲ, ಎರಡೂವರೆ ಲಕ್ಷ ಗಿರಣಿ ಕಾರ್ಮಿಕರ ಬಾಳನ್ನು ಅಲುಗಿಸಿದ ಮುಷ್ಕರ, ಅದರಲ್ಲಿ ಕೆಲಸ ಹೋಗಿ ಅಣ್ಣ ತಿರುಗಿ ಹೋಟೆಲಿಗೇ ಬಂದರು, ಈ ಸಲ ಠಾಣೆಗೆ. ಮೂರು ವರ್ಷದ ಹಿಂದೆ ಒಂದು ಬೆಳಗಿನ ಜಾವ ಅವರು ಡಬ್ಬಿ ಹಿಡಿದುಕೊಂಡು ಠಾಣೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತಿದ್ದನ್ನು ನಮ್ಮವರೊಬ್ಬರು ಕಂಡರು. "ಎಲ್ಲಿಗೆ ಅಣ್ಣ?" ಎಂದರೆ, "ಮೊದಲ ಪಾಳಿಗೆ ಹೊತ್ತಾಯ್ತು ಮಾರಾಯ, ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೋ ತಿಳೀಲಿಲ್ಲ" ಎಂದರಂತೆ. ಗಿರಣಿಯೇ ಇಲ್ಲ, ಪಾಳಿಯೆಲ್ಲಿಯದು? ಡಬ್ಬಿ ತೆರೆದರೆ ಖಾಲಿ.

ಈ ಮಾತನ್ನು ಕೇಳಿ ನಾವೂ ಆಗ ನಕ್ಕೆವು, ಒಪ್ಪಿಕೊಳ್ಳಬೇಕು. ಅರವತ್ತಕ್ಕೆ ಅರಳು ಮರಳು ಎಂದು ಒಂದು ಗಾದೆ ಇದೆಯಲ್ಲ, ಅದನ್ನೇ ಹೇಳಿ ಮುಗಿಸಿದೆವು. ಈ ಗಾದೆ ಒಂದೇ ನಮ್ಮ ಜನಕ್ಕೆ ಎಷ್ಟು ಕೇಡು ಮಾಡಿದೆಯೋ ಲೆಕ್ಕವಿಲ್ಲ. ಮುಪ್ಪು ಬಂದರೆ ಕನ್ನಡಕ ಎಲ್ಲಿಟ್ಟೆ ಎಂಬುದು ಮರೆಯುತ್ತದೆ, ಅದು ಸಹಜ. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ಕೇಳುವುದು ಮುಪ್ಪಲ್ಲ, ರೋಗ. ವೈದ್ಯರು ಅದಕ್ಕೆ ಡಿಮೆನ್ಶಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ ಇದು ಇದೆ. ಒಟ್ಟು ಸುಮಾರು 88 ಲಕ್ಷ ಜನ. ಉಳಿದ ತೊಂಬತ್ತಕ್ಕೂ ಮಿಕ್ಕ ಮಂದಿಗೆ ಇಲ್ಲ ಎಂಬುದನ್ನೂ ಗಮನಿಸಿ. ಗಾದೆ ಸುಳ್ಳಾಯಿತೇ ಇಲ್ಲವೇ?

ಡಿಮೆನ್ಶಿಯಾ ಎಂಬುದು ಒಂದೇ ರೋಗವಲ್ಲ, ಹಲವು ರೋಗಗಳ ಒಟ್ಟು ಹೆಸರು. ಅವುಗಳಲ್ಲಿ ದೊಡ್ಡದು ಅಲ್‌ಝೈಮರ್ ರೋಗ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಅಲ್‌ಝೈಮರ್ ಮೊದಲ ಬಾರಿಗೆ ವಿವರಿಸಿದ್ದರಿಂದ ಆ ಹೆಸರು. ಮಿದುಳಿನ ಜೀವಕೋಶಗಳು ಸ್ವಲ್ಪಸ್ವಲ್ಪವಾಗಿ ಸಾಯುತ್ತಾ ಹೋಗುತ್ತವೆ. ಎರಡನೆಯದು ರಕ್ತನಾಳಗಳಿಂದ ಬರುವುದು: ಬಿ.ಪಿ., ಸಕ್ಕರೆ ರೋಗಗಳಿಂದ ಮಿದುಳಿನ ಸಣ್ಣ ಸಣ್ಣ ನಾಳಗಳು ಕಟ್ಟಿಕೊಂಡು, ರಕ್ತ ಸಿಕ್ಕದ ಜಾಗ ಒಣಗುತ್ತದೆ. ಕಾಲುವೆ ಕಟ್ಟಿದರೆ ತುದಿಯ ಗದ್ದೆ ಒಣಗುವ ಹಾಗೆ. ಹಲವರಲ್ಲಿ ಎರಡೂ ಬೆರೆತಿರುತ್ತವೆ. ಇವಲ್ಲದೆ, ಮರೆವಿನ ರೋಗದಂತೆ ತೋರಿದರೂ ಚಿಕಿತ್ಸೆಯಿಂದ ತಿರುಗಬಲ್ಲ ಸಂಗತಿಗಳೂ ಉಂಟು. ಥೈರಾಯ್ಡ್ ಗ್ರಂಥಿ ಸೋತರೆ ಹಾಗಾಗುತ್ತದೆ. ಬಿ-12 ಎಂಬ ಜೀವಸತ್ತ್ವ ಕಡಮೆಯಾದರೆ ಹಾಗಾಗುತ್ತದೆ. ಅದು ಹಾಲು, ಮೊಟ್ಟೆ, ಮಾಂಸಗಳಲ್ಲಿ ಇರುವುದೇ ಹೊರತು ಅನ್ನ ಸಾರಿನಲ್ಲಿ ಇಲ್ಲ. (ಜೀವನವಿಡೀ ಬೇರೆಯವರಿಗೆ ಹಾಲು ಕಾಸಿ ಕೊಟ್ಟು, ತಾವು ಅನ್ನ ಸಾರಿನಲ್ಲಿ ಹೊಟ್ಟೆ ಹೊರೆದವರು ನಮ್ಮಲ್ಲಿ ಎಷ್ಟು ಮಂದಿ!) ಮನಸ್ಸಿನ ಕುಗ್ಗುವಿಕೆಯಿಂದಲೂ, ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ನಿಂತಿದ್ದರಿಂದಲೂ ಹಾಗಾಗುತ್ತದೆ. ಆದಕಾರಣ ಯಾವ ಚಿಕಿತ್ಸೆಯ ಮಾತಿಗೂ ಮೊದಲು, ಇದು ಯಾವ ಜಾತಿಯ ಮರೆವು ಎಂದು ಪರೀಕ್ಷೆ ಮಾಡಿಸಬೇಕು. ಅಣ್ಣನಿಗೆ ಮೂರು ವರ್ಷ ಯಾರೂ ಮಾಡಿಸಿರಲಿಲ್ಲ. ಗಾದೆ ಇತ್ತಲ್ಲ!

ಈಗ ಸೂಜಿಯ ಮಾತಿಗೆ ಬರೋಣ. ಇದರ ಹೆಸರು ಅಕ್ಯುಪಂಕ್ಚರ್. ಚೀನ ದೇಶದ್ದು, ಎರಡು ಸಾವಿರ ವರ್ಷದಷ್ಟು ಹಳೆಯದು. ಸೂಜಿ ಎಂದರೆ ಇಂಜೆಕ್ಷನ್ನಿನ ಸೂಜಿಯಲ್ಲ. ಒಳಗೆ ತೂತಿಲ್ಲ, ಮದ್ದಿಲ್ಲ. ಕೂದಲಿಗಿಂತ ಕೊಂಚ ದಪ್ಪನೆಯ ಉಕ್ಕಿನ ಎಳೆ. ಅದನ್ನು ಮೈಯ ಗೊತ್ತಾದ ಸ್ಥಾನಗಳಲ್ಲಿ ಚುಚ್ಚಿ, ಇಪ್ಪತ್ತು ಮೂವತ್ತು ನಿಮಿಷ ಹಾಗೇ ಬಿಟ್ಟು ತೆಗೆಯುತ್ತಾರೆ. ಮೈಯೊಳಗೆ ಜೀವಶಕ್ತಿ ಹರಿಯುವ ದಾರಿಗಳಿವೆ, ದಾರಿ ಕಟ್ಟಿದರೆ ರೋಗ, ಸೂಜಿ ಆ ಕಟ್ಟನ್ನು ಬಿಡಿಸುತ್ತದೆ ಎಂಬುದು ಅವರ ಹಳೆಯ ಸಿದ್ಧಾಂತ. ಮರೆವಿಗೆ ನೆತ್ತಿಯ ಮೇಲಿನ ಬೈಹುಯಿ ಎಂಬ ಸ್ಥಾನದಲ್ಲಿಯೂ, ಮೊಣಕಾಲಿನ ಕೆಳಗಿನ ಜುಸಾನ್‌ಲಿ ಎಂಬಲ್ಲಿಯೂ ಸೂಜಿ ಹಾಕುವುದುಂಟು. ಈ ಜುಸಾನ್‌ಲಿ ಎಂಬ ಹೆಸರಿನಲ್ಲಿ ಕಾಲು, ಮೂರು, ದೂರದ ಅಳತೆ ಎಂಬ ಮೂರು ಮಾತುಗಳಿವೆ. ದಣಿದು ಕೂತವನ ಕಾಲಿನ ಆ ಜಾಗವನ್ನು ಒತ್ತಿದರೆ ಇನ್ನೂ ಮೂರು ಹರದಾರಿ ನಡೆದಾನು ಎಂದು ಚೀನೀಯರು ಕಥೆ ಹೇಳುತ್ತಾರೆ. ದಿನಕ್ಕೆ ಹದಿನಾಲ್ಕು ತಾಸು ನಿಂತು ಸರಬರಾಜು ಮಾಡುವ ನಮ್ಮ ಹುಡುಗರಿಗೆ ಈ ಕಥೆ ಹಿಡಿಸೀತು. ಮಾಲೀಕರ ಕಿವಿಗೆ ಮಾತ್ರ ಹಾಕಬೇಡಿ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ಬಗೆಯನ್ನು ಕೇಳಿದಾಗ ನಮಗೆ ನಿಜಕ್ಕೂ ರೋಮಾಂಚವಾಯಿತು, ಏಕೆಂದರೆ ಅದರ ಹಿಂದೆ ನಮ್ಮದೇ ಊರುಗಳು ಇವೆ. ಕನ್ನಡವೂ ಮರಾಠಿಯೂ ತೆಲುಗೂ ಬೆರೆತ ಗಿರಣಿಗಳ ಊರು ಸೊಲ್ಲಾಪುರ. ಅಲ್ಲಿ 1910ರಲ್ಲಿ ಹುಟ್ಟಿದವರು ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು. ಓದಿದ್ದು ಪರಳಿನಲ್ಲಿ, ಕೆ.ಇ.ಎಂ. ಆಸ್ಪತ್ರೆಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ ಅಣ್ಣ ಸಾಂಚೆ ಓಡಿಸಿದ ಗಿರಣಿಯಿಂದ ಕೂಗಳತೆಯ ದೂರದಲ್ಲಿ. ಜಪಾನು ಚೀನದ ಮೇಲೆ ದಂಡೆತ್ತಿ ಹೋಗಿದ್ದಾಗ, 1938ರಲ್ಲಿ, ಕಾಂಗ್ರೆಸ್ಸು ಐದು ಜನ ವೈದ್ಯರ ತಂಡವನ್ನು ಚೀನಕ್ಕೆ ಕಳಿಸಿತು. ಅಟಲ್, ಚೋಳ್ಕರ್, ಕೋಟ್ನೀಸ್, ಬಸು, ಮುಖರ್ಜಿ ಆ ಐವರು. ಉಳಿದವರು ಹಿಂತಿರುಗಿದರೂ ಕೋಟ್ನೀಸರು ಅಲ್ಲೇ ನಿಂತು, ಗಾಯಾಳುಗಳಿಗೆ ಶಸ್ತ್ರಕ್ರಿಯೆ ಮಾಡುತ್ತಾ, ಚೀನೀ ದಾದಿಯೊಬ್ಬರನ್ನು ಮದುವೆಯಾಗಿ, 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಆಗ ಅವರಿಗೆ ಮೂವತ್ತೆರಡು ವರ್ಷ. ಶಾಂತಾರಾಮರು 1946ರಲ್ಲಿ ತೆಗೆದ ಸಿನಿಮಾವನ್ನು ಹಳಬರು ನೋಡಿರಬಹುದು.

ಸೂಜಿ ವೈದ್ಯವನ್ನು ಕೋಟ್ನೀಸರೇ ತಂದರೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಅವರು ಶಸ್ತ್ರವೈದ್ಯರು, ಹಿಂತಿರುಗಲೂ ಇಲ್ಲ. ತಂದವರು ಅದೇ ತಂಡದ ಡಾಕ್ಟರ್ ಬಿಜಯ ಕುಮಾರ ಬಸು. ಅವರು 1958ರಲ್ಲಿ ಮತ್ತೆ ಚೀನಕ್ಕೆ ಹೋಗಿ ಈ ವಿದ್ಯೆ ಕಲಿತು, 1959ರಿಂದ ಕಲ್ಕತ್ತೆಯಲ್ಲಿ ಚಿಕಿತ್ಸೆ ಶುರುಮಾಡಿದರು. ಮುಂದೆ ಕೋಟ್ನೀಸರ ಹೆಸರಿನ ಸಮಿತಿಯ ಮೂಲಕ ಬಡವರಿಗೆ ಕಡಮೆ ಖರ್ಚಿನಲ್ಲಿ ಇದನ್ನು ಹಂಚಿದರು. ಅಮೆರಿಕದಲ್ಲಿ ಇದು ಹೆಸರಾದದ್ದು 1971ರಲ್ಲಿ: ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗಿಗೆ ಹೋಗಿದ್ದಾಗ ಕರುಳುಬಾಲದ ಶಸ್ತ್ರಕ್ರಿಯೆಯಾಗಿ, ಅನಂತರದ ಹೊಟ್ಟೆನೋವಿಗೆ ಸೂಜಿ ಹಾಕಿಸಿಕೊಂಡು, ಅದನ್ನೇ ತಮ್ಮ ಪತ್ರಿಕೆಯಲ್ಲಿ ಬರೆದರು. ನಮ್ಮ ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಒಂದು ಚಿಕಿತ್ಸಾ ಪದ್ಧತಿಯೆಂದು ಅಂಗೀಕರಿಸಿತು. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ ಕಾಯಿದೆಯೂ, ಸೂಜಿ ಹಾಕುವವರ ನೋಂದಣಿಗೆ ಮಂಡಳಿಯೂ ಇವೆ. ಹಾಗಾಗಿ ಬೂಟಾಟಿಕೆ ಎಂದ ಅರ್ಧ ಸಮಿತಿ ಮಾತು ಹಿಂತೆಗೆದುಕೊಳ್ಳಬೇಕಾಯಿತು. ಕೊಡೋಣ ಎಂದ ಅರ್ಧಕ್ಕೂ ಕೆಲಸ ಇದೆ, ಕೇಳಿ.

ಸರ್ಕಾರ ಅಂಗೀಕರಿಸಿದ ಮಾತ್ರಕ್ಕೆ ಎಲ್ಲ ರೋಗಕ್ಕೂ ಅದು ಮದ್ದು ಎಂದಾಗಲಿಲ್ಲ. ನೋವಿನ ವಿಷಯದಲ್ಲಿ, ಮುಖ್ಯವಾಗಿ ಹಳೆಯ ಬೆನ್ನುನೋವು, ಮಂಡಿನೋವುಗಳಲ್ಲಿ, ಸೂಜಿಯಿಂದ ಕೊಂಚ ಉಪಶಮನ ಉಂಟೆಂದು ದೊಡ್ಡ ಪರೀಕ್ಷೆಗಳು ತೋರಿಸಿವೆ. ಸೂಜಿ ನರಗಳನ್ನು ಕೆಣಕಿದಾಗ ಮೈಯೇ ತನ್ನ ನೋವುನಿವಾರಕಗಳನ್ನು ಹೊರಬಿಡುತ್ತದೆ ಎಂಬ ವಿವರಣೆ 1970ರ ದಶಕದಿಂದ ಇದೆ. ಮರೆವಿನ ಮಾತು ಬೇರೆ. ಸತ್ತ ಮಿದುಳಿನ ಕೋಶವನ್ನು ಸೂಜಿ ಎಬ್ಬಿಸುತ್ತದೆಂದು ಯಾರೂ ತೋರಿಸಿಲ್ಲ. ವೈದ್ಯಕೀಯ ಪರೀಕ್ಷೆಗಳನ್ನೆಲ್ಲ ಜರಡಿ ಹಿಡಿದು ನೋಡುವ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದೆ. ರಕ್ತನಾಳದಿಂದ ಬರುವ ಮರೆವಿಗೆ ಸೂಜಿ ಹಾಕಿದ ಪರೀಕ್ಷೆಗಳನ್ನು ಅದು 2007ರಲ್ಲಿ ಜರಡಿಗೆ ಹಾಕಿದಾಗ, ತಕ್ಕ ಗುಣಮಟ್ಟದ್ದು ಒಂದೂ ಉಳಿಯಲಿಲ್ಲ. ಆಮೇಲೆ ಚೀನದಿಂದ ಅನೇಕ ಪರೀಕ್ಷೆಗಳು ಬಂದಿವೆ. ಮಾತ್ರೆಯ ಜೊತೆಗೆ ಸೂಜಿಯನ್ನೂ ಹಾಕಿಸಿಕೊಂಡವರು, ಬರಿಯ ಮಾತ್ರೆ ತೆಗೆದುಕೊಂಡವರಿಗಿಂತ ಜ್ಞಾಪಕದ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಅಂಕ ಪಡೆದರೆಂದು ಅವುಗಳಲ್ಲಿ ಹಲವು ಹೇಳುತ್ತವೆ. ಬಹುಪಾಲು ಪರೀಕ್ಷೆಗಳು ಸಣ್ಣವು, ಕೆಲವೇ ವಾರ ನಡೆದಂಥವು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೂಜಿ ಹಾಕಿಸಿಕೊಳ್ಳುವವನು ವಾರಕ್ಕೆ ಮೂರು ಸಲ ಮನೆಯಿಂದ ಹೊರಗೆ ಬರುತ್ತಾನೆ, ಬಸ್ಸು ಹತ್ತುತ್ತಾನೆ, ಒಬ್ಬರು ಅವನ ಕೈ ಮುಟ್ಟಿ ಮಾತಾಡಿಸುತ್ತಾರೆ. ಬರಿಯ ಮಾತ್ರೆಯವನು ಮನೆಯ ಮೂಲೆಯಲ್ಲೇ ಕೂತಿರುತ್ತಾನೆ. ಹಾಗಾದರೆ ಹೆಚ್ಚಾದ ಅಂಕ ಸೂಜಿಯದೋ, ಬಸ್ಸಿನದೋ? ಇದನ್ನು ಬೇರ್ಪಡಿಸಲು ಜರ್ಮನಿಯವರು 1998ರಲ್ಲಿ ಒಂದು ಉಪಾಯ ಕಂಡುಹಿಡಿದರು: ಸುಳ್ಳು ಸೂಜಿ. ಚುಚ್ಚಿದ ಹಾಗೆ ಕಾಣುತ್ತದೆ, ಚರ್ಮಕ್ಕೆ ಮೊನೆ ತಾಗುತ್ತದೆ, ಒಳಗೆ ಹೋಗುವುದಿಲ್ಲ. ಎಳೆ ತನ್ನ ಹಿಡಿಯೊಳಗೇ ಜಾರಿಕೊಳ್ಳುತ್ತದೆ. ನಾಟಕದ ಕಂಪೆನಿಗಳಲ್ಲಿ ಖಳನಾಯಕ ಎದೆಗೆ ಇರಿಯುವ ಬಾಕು ನೋಡಿದ್ದೀರಲ್ಲ, ಅದೇ. ಅರ್ಧ ಜನಕ್ಕೆ ನಿಜ ಸೂಜಿ, ಅರ್ಧಕ್ಕೆ ನಾಟಕದ ಸೂಜಿ, ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಅಂಕ ಕೊಡುವವನಿಗೂ ತಿಳಿಯದು. ಹೀಗೆ ನಡೆಸಿದ ದೊಡ್ಡ, ದೀರ್ಘಕಾಲದ ಪರೀಕ್ಷೆಗಳು ಮರೆವಿನ ರೋಗದಲ್ಲಿ ಬಹಳ ಕಡಮೆ. ಆದ್ದರಿಂದ ಸೂಜಿಯಿಂದ ಮರೆವು ಗುಣವಾಗುತ್ತದೆ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ, ಅವರು ಇಲ್ಲದ ಸಾಕ್ಷಿಯನ್ನು ಹೇಳುತ್ತಿದ್ದಾರೆ. ಮಾತ್ರೆಯವರೂ ಬೀಗುವಂತಿಲ್ಲ, ಡೊನೆಪೆಜಿಲ್, ಮೆಮಾಂಟೀನ್ ಮುಂತಾದ ಮಾತ್ರೆಗಳು ಕೆಲವರಲ್ಲಿ ಕೆಲವು ಕಾಲ ಕೊಂಚ ಆಧಾರ ಕೊಡುತ್ತವೆ, ಅಷ್ಟೇ. ಬುಡಸಮೇತ ಗುಣ ಮಾಡುವ ಮದ್ದು ಇದುವರೆಗೆ ಯಾವ ಪದ್ಧತಿಯಲ್ಲೂ ಇಲ್ಲ.

ಒತ್ತುವ ಚಿಕಿತ್ಸೆಯ ವಿಷಯದಲ್ಲಿ ಒಂದು ಒಳ್ಳೆಯ ಸಂಗತಿ ಕೇಳಿದೆವು. ಅದೇ ಸ್ಥಾನಗಳನ್ನು ಸೂಜಿಯಿಲ್ಲದೆ ಬೆರಳಿನಿಂದ ಒತ್ತುವುದು. ತೈವಾನಿನಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ವೃದ್ಧರ ವಸತಿಗಳಲ್ಲಿದ್ದ ಮರೆವಿನ ರೋಗಿಗಳ ಚಡಪಡಿಕೆ, ಅಲೆದಾಟ, ಸಿಟ್ಟು ಇದರಿಂದ ಕಡಮೆಯಾದುವು. ವಸ್ತುಗಳನ್ನು ಹೊಂದಿಸುವುದು, ವಿಂಗಡಿಸುವುದು ಮೊದಲಾದ ಕೈಗೆಲಸ ಕೊಟ್ಟವರಲ್ಲೂ ಹಾಗೆಯೇ ಕಡಮೆಯಾದುವು. ಜ್ಞಾಪಕ ಮರಳಿತೆಂದು ಅವರು ಹೇಳಲಿಲ್ಲ, ಮನಸ್ಸು ಶಾಂತವಾಯಿತು ಎಂದರು. ಮನೆಯಲ್ಲಿ ನೋಡಿಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ. ಸಂಜೆಯಾದೊಡನೆ ಎದ್ದು "ಮನೆಗೆ ಹೋಗಬೇಕು" ಎಂದು ತನ್ನ ಮನೆಯಲ್ಲಿಯೇ ನಿಂತು ಅಳುವ ಗಂಡನನ್ನು ಸಮಾಧಾನ ಮಾಡಿದ ಹೆಂಗಸನ್ನು ಕೇಳಿ ನೋಡಿ.

ಅಣ್ಣನ ವಿಚಾರಕ್ಕೆ ಬರುತ್ತೇವೆ. ಅರ್ಜಿ ಬರುವ ಮೊದಲೇ ಅತ್ತಿಗೆ ಒಂದು ಕಡೆ ಹೋಗಿ ಬಂದಿದ್ದರು. ಆ ಜಾಗದ ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಅಲ್ಲಿಯವರು ಮೂವತ್ತು ಸಲಕ್ಕೆ ಮುಂಗಡವಾಗಿ ಹಣ ಕೇಳಿದ್ದಲ್ಲದೆ, ಸೂಜಿ ಹಿಡಿಯಬೇಕಾದರೆ ಇಂಗ್ಲಿಷ್ ಮದ್ದನ್ನೆಲ್ಲ ನಿಲ್ಲಿಸಬೇಕು ಎಂದು ಹೇಳಿದರಂತೆ. ಅತ್ತಿಗೆ ಬಳೆ ಒತ್ತೆಯಿಟ್ಟು ಮೊದಲ ಕಂತು ಕಟ್ಟಿ, ಅಣ್ಣನ ಬಿ.ಪಿ. ಮಾತ್ರೆಯನ್ನು ನಿಲ್ಲಿಸಿಬಿಟ್ಟರು. ಮೂರು ವಾರದೊಳಗೆ ಅಣ್ಣ ತಲೆ ಸುತ್ತಿ ಬಾಗಿಲಲ್ಲೇ ಕುಸಿದು ಕೂತರು. ಮಗ ಆಟೋದಲ್ಲಿ ಆಸ್ಪತ್ರೆಗೆ ಒಯ್ದಾಗ ರಕ್ತದ ಒತ್ತಡ ಆಕಾಶಕ್ಕೇರಿತ್ತು. ಪಾರ್ಶ್ವವಾಯು ಬಡಿಯಲಿಲ್ಲ ಎಂಬುದು ಪುಣ್ಯ. ಮಿದುಳಿನ ನಾಳ ಕಟ್ಟಿದ ಮನುಷ್ಯನಿಗೆ ಬಿ.ಪಿ. ಮಾತ್ರೆ ನಿಲ್ಲಿಸುವುದೆಂದರೆ, ಹೊಗೆಯಾಡುವ ಒಲೆಗೆ ಸೀಮೆ ಎಣ್ಣೆ ಸುರಿದ ಹಾಗೆ. ಇದನ್ನು ನಾವು ಸೂಜಿಯ ತಪ್ಪು ಎನ್ನುವುದಿಲ್ಲ, ಆ ಮಾತನ್ನು ಆಡಿದ ಬಾಯಿಯ ತಪ್ಪು. ಪೂರಕ ಚಿಕಿತ್ಸೆ ಎಂದರೆ ಇರುವುದರ ಜೊತೆಗೆ ಸೇರುವಂಥದು, ಊಟಕ್ಕೆ ಉಪ್ಪಿನಕಾಯಿಯಂತೆ. ಎಲೆಯಿಂದ ಅನ್ನವನ್ನು ತೆಗೆದುಹಾಕಿ ಉಪ್ಪಿನಕಾಯಿ ಬಡಿಸುವವರ ಪಂಕ್ತಿಯಲ್ಲಿ ಕೂಡಬೇಡಿ.

ನಾವು ಮೊದಲು ಅಣ್ಣನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಮೂವತ್ತು ಅಂಕದ ಒಂದು ಪರೀಕ್ಷೆ ಮಾಡುತ್ತಾರೆ. ಇವತ್ತು ಯಾವ ವಾರ, ಇದು ಯಾವ ಊರು, ಮೂರು ಮಾತು ಹೇಳುತ್ತೇನೆ ನೆನಪಿಡಿ, ನೂರರಲ್ಲಿ ಏಳು ಕಳೆಯಿರಿ, ಹೀಗೆ. ಚಿಕ್ಕ ವಯಸ್ಸಿನ ಡಾಕ್ಟರು, ಒಳ್ಳೆಯ ಹುಡುಗಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. ಅಣ್ಣ ಸುಮ್ಮನೆ ನಕ್ಕರು. ಅಂಕ ಬೀಳಲಿಲ್ಲ. ಆಗ ನಮಗೆ ಹೊಳೆಯಿತು: ಸಾಂಚೆಯ ಖಾತೆಯಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಇದ್ದೀತೇ? ಅಪ್ಪಣೆ ಕೇಳಿ, ಅದೇ ಪ್ರಶ್ನೆಗಳನ್ನು ನಾವು ಗಟ್ಟಿಯಾಗಿ ಕನ್ನಡದಲ್ಲಿ ಕೇಳಿದೆವು. ಅಣ್ಣ ಎದ್ದು ಕೂತರು. ನೂರರಲ್ಲಿ ಏಳು ಕಳೆಯಲಿಲ್ಲ, ಆದರೆ ಊರು ಹೇಳಿದರು, ತಿಂಗಳು ಹೇಳಿದರು, ಮೂರು ಮಾತುಗಳಲ್ಲಿ ಒಂದನ್ನು ಹಿಡಿದುಕೊಂಡರು. ಡಾಕ್ಟರಮ್ಮ ಹಳೆಯ ಅಂಕ ಹೊಡೆದುಹಾಕಿ ಹೊಸದನ್ನು ಬರೆದರು. ರೋಗ ಇಲ್ಲವೆಂದಲ್ಲ, ಇದೆ. ಕಾಗದದಲ್ಲಿ ಇದ್ದಷ್ಟು ಇರಲಿಲ್ಲ. ಓದು ಬಾರದ ಹಳ್ಳಿಗರಿಗೆಂದೇ ಈ ಪರೀಕ್ಷೆಯನ್ನು ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ತಿದ್ದಿ ಮಾಡಿದ್ದರಂತೆ. ಪಾಠ ಬಾರದವನಿಗೆ ಪಾಠದ ಪ್ರಶ್ನೆ ಕೇಳಿ ಬುದ್ಧಿ ಅಳೆಯಬಾರದು ಎಂದು. ಮರೆವು ಹೆಚ್ಚಿದ ಹಾಗೆ, ನಡುವೆ ಕಲಿತ ಭಾಷೆಗಳು ಮೊದಲು ಜಾರಿ, ತಾಯಿಯ ಬಾಯಿಂದ ಬಂದದ್ದು ಕೊನೆಗೆ ಉಳಿಯುವುದು ಅನೇಕರಲ್ಲಿ ಕಂಡುಬಂದಿದೆ. ಮುಂಬಯಿಯಲ್ಲಿ ಮರಾಠಿ, ಹಿಂದಿ, ಗುಜರಾತಿ ಎಲ್ಲವನ್ನೂ ಗಿರಾಕಿಯ ಮುಖ ನೋಡಿ ಆಡುತ್ತಿದ್ದ ಮನುಷ್ಯ ಈಗ ಕುಂದಾಪುರದ ಕನ್ನಡಕ್ಕೆ ಮಾತ್ರ ಓಗೊಡುತ್ತಾನೆ.

ಈ ಭಾಷೆಗಳ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಹೈದರಾಬಾದಿನಲ್ಲಿ ಡಾಕ್ಟರ್ ಸುವರ್ಣಾ ಅಲ್ಲಾಡಿಯವರ ತಂಡ 648 ಮಂದಿ ಮರೆವಿನ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದೇನೆಂದರೆ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಶಾಲೆಗೇ ಹೋಗದವರಲ್ಲಿಯೂ ತಡ. ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಆದರೂ ನಾಲ್ಕು ಭಾಷೆಯಲ್ಲಿ ಆರ್ಡರ್ ಕೂಗುವ ನಮ್ಮ ಹುಡುಗರಿಗೆ ಇದನ್ನು ಹೇಳದೆ ಇರಲಾರೆವು.

ಪರೀಕ್ಷೆಯಲ್ಲಿ ಅಣ್ಣನ ಬಿ-12 ಕಡಮೆ ಎಂದು ಬಂತು; ಅದಕ್ಕೆ ಇಂಜೆಕ್ಷನ್ ಕೊಟ್ಟರು. ಬಿ.ಪಿ. ಮಾತ್ರೆ ತಿರುಗಿ ಶುರುವಾಯಿತು. ಕಿವಿ ಮಂದವಾಗಿದೆ ಎಂದರು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ, ಮರೆವಿನ ರೋಗಗಳಲ್ಲಿ ನೂರಕ್ಕೆ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂದು ಹೇಳಿ, ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿದೆ. ಬಿ.ಪಿ., ಸಕ್ಕರೆ, ಬೀಡಿ, ಕುಡಿತ ಅದರಲ್ಲಿ ಇವೆ, ನೀವು ಊಹಿಸಿದ್ದೇ. ಆದರೆ ಕಿವಿ ಮಂದವಾಗುವುದೂ ಇದೆ, ಹೊಲಸು ಗಾಳಿಯೂ ಇದೆ, ಓದು ಸಿಕ್ಕದಿರುವುದೂ ಇದೆ, ಒಂಟಿತನವೂ ಇದೆ. ಆ ಪಟ್ಟಿ ಓದಿದಾಗ ಅದು ನಮ್ಮ ಖೋಲಿಗಳನ್ನೂ ಗಿರಣಿಗಳನ್ನೂ ನೋಡಿಯೇ ಬರೆದ ಹಾಗೆ ಕಂಡಿತು. ಸಾಂಚೆಯ ಗದ್ದಲ ಕಿವಿಯನ್ನಷ್ಟೇ ತಿಂದಿತೆಂದು ನಾವು ತಿಳಿದಿದ್ದೆವು. ಕಿವಿಗೆ ರಕ್ಷಣೆ ಕೊಡಿ ಎಂದು ಗಿರಣಿಯ ಗೇಟಿನಲ್ಲಿ ಯಾರಾದರೂ ಘೋಷಣೆ ಕೂಗಿದ್ದು ನಮಗೆ ನೆನಪಿಲ್ಲ. ಬೋನಸ್ಸಿಗೆ ಕೂಗಿದೆವು. ಈಗಲೂ ಮಿಕ್ಸರು, ಎಗ್ಝಾಸ್ಟ್ ಫ್ಯಾನಿನ ನಡುವೆ ಹನ್ನೆರಡು ತಾಸು ನಿಲ್ಲುವ ಅಡುಗೆಯವರು ಇಲ್ಲಿದ್ದಾರೆ; ಅವರು ಇದನ್ನು ಯೋಚಿಸಬೇಕು.

ಸೂಜಿಯ ವಿಷಯಕ್ಕೆ ನಾವು ಇನ್ನೊಬ್ಬರನ್ನೂ ಕಂಡೆವು. ಇವರೂ ಸೂಜಿ ಹಾಕುವವರೇ, ನೋಂದಣಿಯ ಪತ್ರ ಗೋಡೆಗೆ ತೂಗುಹಾಕಿದ್ದರು. ಅಣ್ಣನನ್ನು ನೋಡಿ, ಮಾತ್ರೆಗಳ ಚೀಟಿಯನ್ನು ಪೂರ್ತಿ ಓದಿ, "ಜ್ಞಾಪಕವನ್ನು ತಂದುಕೊಡುತ್ತೇನೆಂದು ಹೇಳಲಾರೆ. ಮಂಡಿನೋವು ಇಳಿಯಬಹುದು, ನಿದ್ದೆ ಬಂದರೂ ಬಂದೀತು. ನಾಲ್ಕಾರು ಸಲ ನೋಡೋಣ, ಗುಣ ಕಾಣದಿದ್ದರೆ ನಿಲ್ಲಿಸಿಬಿಡಿ, ಮುಂಗಡ ಬೇಡ" ಎಂದರು. ಅವರಿಂದ ತಿಳಿದ ಎಚ್ಚರಿಕೆಗಳನ್ನು ಹೇಳಿಬಿಡುತ್ತೇವೆ. ಸೂಜಿ ನಮ್ಮ ಕಣ್ಣೆದುರಿಗೇ ಹೊಸ ಪೊಟ್ಟಣದಿಂದ ಬಿಚ್ಚಬೇಕು, ಒಮ್ಮೆ ಬಳಸಿ ಎಸೆಯಬೇಕು. ಇಲ್ಲದಿದ್ದರೆ ಕಾಮಾಲೆಯ ವಿಷ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಸಕ್ಕರೆ ರೋಗದವರ ಪಾದಕ್ಕೆ ಸೂಜಿ ಹಾಕುವಾಗ ಬಹಳ ಜಾಗ್ರತೆ. ಎದೆಯ ಮೇಲೆ ಆಳಕ್ಕೆ ಹೋದರೆ ಶ್ವಾಸಕೋಶಕ್ಕೇ ತಾಗಬಹುದು. ಅಪರೂಪ, ಆದರೂ ಆಗಿದೆ. ಎಲ್ಲಕ್ಕಿಂತ ಮುಖ್ಯ, ಮರೆವಿನ ರೋಗಿಗೆ ತನ್ನ ಮೈಯಲ್ಲಿ ಸೂಜಿ ಏಕಿದೆ ಎಂಬುದೇ ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಕಿತ್ತುಕೊಳ್ಳಲು ಹೋಗುತ್ತಾನೆ, ಹೆದರುತ್ತಾನೆ. ಬೇಡ ಎಂದು ಕೈ ಸರಿಸಿದರೆ ಅದೇ ಅವನ ಉತ್ತರ. ಹಿಡಿದು ಕೂರಿಸಿ ಚುಚ್ಚಕೂಡದು.

ಎಂಟು ಸಲ ಹಾಕಿಸಿದೆವು. ಫಲ ಏನೆಂದು ಕೇಳುತ್ತೀರಿ. ಮಂಡಿಯ ನೋವು ಇಳಿಯಿತು, ಈಗ ಕೆಳಗಿನ ಅಂಗಡಿಯವರೆಗೆ ನಡೆಯುತ್ತಾರೆ. ನಿದ್ದೆ ಕೆಲವು ರಾತ್ರಿ ಬಂತು, ಕೆಲವು ರಾತ್ರಿ ಇಲ್ಲ. ಮರೆವು ಇದ್ದಲ್ಲೇ ಇದೆ. ಕೊಂಚ ಚುರುಕಾಗಿದ್ದಾರೆ, ಅದು ಸೂಜಿಯದೋ, ಬಿ-12ರದೋ, ಕಿವಿಗೆ ಹಾಕಿಸಿದ ಯಂತ್ರದ್ದೋ ಹೇಳಲು ನಮ್ಮಿಂದಾಗದು. ಆಗಲೇ ಹೇಳಿದೆವಲ್ಲ, ಬೇರ್ಪಡಿಸುವುದು ದೊಡ್ಡವರಿಗೇ ಕಷ್ಟವಾಗಿದೆ.

ಇಷ್ಟೆಲ್ಲ ವಿಚಾರಿಸಿಕೊಂಡು, ಮೂವತ್ತು ಸಲದ ಹಣ ಕೊಡುವುದು ಬೇಡ, ಕಿವಿಯ ಯಂತ್ರಕ್ಕೂ ಪರೀಕ್ಷೆಗಳಿಗೂ ಕೊಡೋಣ ಎಂಬ ತೀರ್ಮಾನವನ್ನು ಅತ್ತಿಗೆಗೆ ಹೇಳಲು ಹೋದೆವು. ಅವರು ಕೇಳಿಕೊಂಡು, ಚಹ ಕೊಟ್ಟು, ಹೇಳಿದರು: "ನೀವು ಹೇಳೋದು ಸರಿ ಇರ್ಬಹುದು ಭಾವ. ಅವ್ರಿಗೆ ಗುಣ ಆಗೂದಿಲ್ಲ ಅಂತ ನಂಗೂ ಗೊತ್ತಿತ್ತು. ಅಲ್ಲಿ ಹೋದ್ರೆ ಅರ್ಧ ಗಂಟೆ ಅವ್ರು ಮಲಗಿರ್ತಿದ್ರು, ಯಾರೋ ಒಬ್ರು ನೋಡ್ಕೊಳ್ತಿದ್ರು. ಆ ಅರ್ಧ ಗಂಟೆ ನಾನು ಹೊರಗೆ ಬೆಂಚಿನ ಮೇಲೆ ಸುಮ್ಮನೆ ಕೂತಿರ್ತಿದ್ದೆ. ಮೂರು ವರ್ಷದಲ್ಲಿ ನಂಗೆ ಸಿಕ್ಕಿದ್ದು ಅದೊಂದೇ. ಸೂಜಿ ಬೇಡ ಅಂತೀರಿ, ಅದರ ಬದಲಿಗೆ ಎಂತ ಕೊಡ್ತೀರಿ?"

ನಾವಿಬ್ಬರೂ ತಲೆ ತಗ್ಗಿಸಿದೆವು. ಪ್ರಪಂಚದ ಪರೀಕ್ಷೆಗಳನ್ನೆಲ್ಲ ವಿಚಾರಿಸಿ ಬಂದವರಿಗೆ ಬೆಂಚಿನ ಮೇಲೆ ಕೂತ ಹೆಂಗಸು ಕಂಡಿರಲಿಲ್ಲ.

ಆ ದಿನವೇ ಸಮಿತಿ ಸೇರಿ ಒಂದು ಏರ್ಪಾಟು ಮಾಡಿದೆವು. ಹೋಟೆಲಿನವರಿಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಕ್ಕೆ ಮೊದಲು ಎರಡು ತಾಸು ಬಿಡುವು ಇರುತ್ತದೆ. ಆ ಹೊತ್ತಿಗೆ ವಾರಕ್ಕೆ ಮೂರು ದಿನ ನಮ್ಮವರಲ್ಲಿ ಒಬ್ಬೊಬ್ಬರು ಅಣ್ಣನ ಖೋಲಿಗೆ ಹೋಗಿ ಕೂಡುತ್ತಾರೆ. ಅತ್ತಿಗೆ ಆಗ ಮಲಗುತ್ತಾರೋ, ದೇವಸ್ಥಾನಕ್ಕೆ ಹೋಗುತ್ತಾರೋ, ಅವರ ಇಷ್ಟ. ಹೋದವರು ಏನು ಮಾಡಬೇಕೆಂದು ಕೇಳುತ್ತಾರೆ. ಕನ್ನಡದಲ್ಲಿ ಮಾತಾಡಿ, ಎದುರಿಗೆ ಕೂತು, ಗಟ್ಟಿಯಾಗಿ. "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. ಹೆಸರು ನೀವೇ ಹೇಳಿ. ಪಾಳಿಗೆ ಹೊತ್ತಾಯಿತೆಂದು ಎದ್ದರೆ, ಗಿರಣಿ ಮುಚ್ಚಿತೆಂದು ವಾದಿಸಬೇಡಿ. ಆ ಸುದ್ದಿ ಅವರಿಗೆ ಪ್ರತಿ ಸಲವೂ ಹೊಸದು, ಪ್ರತಿ ಸಲವೂ ಕೆಲಸ ಹೋದ ಹಾಗೆಯೇ ಅಳುತ್ತಾರೆ. ಇವತ್ತು ರಜೆ ಎಂದುಬಿಡಿ. ಒಗೆದ ಬಟ್ಟೆಯ ರಾಶಿ ಎದುರಿಗಿಟ್ಟರೆ ಎಷ್ಟು ಚೊಕ್ಕವಾಗಿ ಮಡಿಸುತ್ತಾರೆಂದರೆ, ಅಂಚಿಗೆ ಅಂಚು ಕೂಡಿಸಿ, ನೂಲಿನ ಗಂಟನ್ನು ಬೆರಳಲ್ಲಿ ಹುಡುಕಿ. ಆ ಕೈ ಏನನ್ನೂ ಮರೆತಿಲ್ಲ.

ಇಂಥ ಹಿರಿಯರು ಬೇರೆ ಮನೆಗಳಲ್ಲೂ ಇದ್ದರೆ, ಮುಚ್ಚಿಡದೆ ಸಮಿತಿಗೆ ತಿಳಿಸಿ. ಆಸ್ಪತ್ರೆಗೆ ಹೋಗುವಾಗ ಕನ್ನಡ ಬಲ್ಲ ಒಬ್ಬರು ಜೊತೆಗೆ ಬರುತ್ತಾರೆ. ಹಿರಿಯರಿಗಾಗಿ ಕೇಂದ್ರ ಸರ್ಕಾರದ ಸಹಾಯವಾಣಿ ಇದೆ, 14567, ಬರೆದುಕೊಳ್ಳಿ. ಎಪ್ಪತ್ತು ದಾಟಿದವರಿಗೆಲ್ಲ 2024ರಿಂದ ಆಯುಷ್ಮಾನ್ ಕಾರ್ಡು ಉಂಟು, ಆದಾಯ ಕೇಳುವುದಿಲ್ಲ. ಅದು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದಾಗಿನ ಖರ್ಚಿಗೇ ಹೊರತು ಇಂಥ ಸೂಜಿ, ಮಾತ್ರೆಗಳ ಖರ್ಚಿಗಲ್ಲ, ಆದರೂ ಮಾಡಿಸಿಡಿ. ಅರ್ಜಿ ತುಂಬಿಸಲು ನಮ್ಮ ಕಛೇರಿಯಲ್ಲಿ ಭಾನುವಾರ ಬೆಳಿಗ್ಗೆ ಜನ ಇರುತ್ತಾರೆ.

ಅಣ್ಣನ ಮನೆಯ ಪಾಳಿಯ ಪಟ್ಟಿಯನ್ನು ಬಾಗಿಲ ಬಳಿಯ ಹಲಗೆಗೆ ಅಂಟಿಸಿದ್ದೇವೆ. ಸೋಮವಾರ, ಬುಧವಾರ ಭರ್ತಿಯಾಗಿವೆ. ಶುಕ್ರವಾರಕ್ಕೆ ಇನ್ನಿಬ್ಬರು ಬೇಕು. ಕುಂದಾಪುರದ ಕಡೆಯವರಾದರೆ ಇನ್ನೂ ಒಳ್ಳೆಯದು. ಹೊರಗೆ ಹೋಗುವಾಗ ಹೆಸರು ಬರೆದು ಹೋಗಿ, ಪೆನ್ನು ಅಲ್ಲೇ ಕಟ್ಟಿದೆ.